ಪುಸ್ತಕದ ಪುಟದಲ್ಲಿ ಗಡಿಯಾರದ ಮುಳ್ಳು: ಒಂದು ವೆಬ್ ವಿನ್ಯಾಸ ಪ್ರಕರಣ

ನಾವು ಮಾಡಿದ ಒಂದು ಜಾಲತಾಣವನ್ನು ಪ್ರಕಟಿಸಿದ ಎರಡು ವಾರದೊಳಗೆ ಇಳಿಸಬೇಕಾಯಿತು. ಅದರಲ್ಲಿ ಬೇರೆಯವರ ಕೋಡ್ ಒಂದು ಸಾಲೂ ಇರಲಿಲ್ಲ, ಬೇರೆಯವರ ಚಿತ್ರ ಒಂದೂ ಇರಲಿಲ್ಲ. ಆದರೂ ಅದು ಬೇರೆಯವರ ಕೆಲಸವಾಗಿತ್ತು. ಅದು ಹೇಗಾಯಿತು, ಯಾವ ಯಾವ ತಿರುವಿನಲ್ಲಿ ತಪ್ಪಿದೆವು, ಎಲ್ಲಿ ಕಣ್ಣು ತೆರೆಯಿತು ಎಂಬುದನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಸಂಬಂಧಪಟ್ಟವರೆಲ್ಲ ಈ ಬರಹ ಓದಿ ಒಪ್ಪಿಗೆ ಕೊಟ್ಟಿದ್ದಾರೆ. ಹೆಸರು, ಊರು, ತಾರೀಕು ಯಾವುದನ್ನೂ ಹೇಳುವುದಿಲ್ಲ. ತಂಡದ ಹಿರಿಯನಾಗಿ ಆ ವಿನ್ಯಾಸಕ್ಕೆ ಅಂತಿಮ ಒಪ್ಪಿಗೆ ಕೊಟ್ಟವನು ನಾನು.

ಹಿನ್ನೆಲೆ

ಕ್ಲೈಂಟ್ ಹಳೆಯ ಪುಸ್ತಕಗಳನ್ನು ದುರಸ್ತಿ ಮಾಡುವ ಒಂದು ಕಾರ್ಯಾಗಾರ. ಹುಳು ತಿಂದ ಹಾಳೆ, ಕಿತ್ತುಹೋದ ಹೊಲಿಗೆ, ನೀರು ಬಿದ್ದು ಅಂಟಿಕೊಂಡ ಪುಟ ಇವರ ನಿತ್ಯದ ಕೆಲಸ. ಮೊದಲ ಭೇಟಿಯಲ್ಲೇ ಮಾಲೀಕರು ಫೋನ್ ತೆಗೆದು ಒಂದು ಜಾಲತಾಣ ತೋರಿಸಿದರು. ಹಳೆಯ ಗೋಡೆ ಗಡಿಯಾರಗಳನ್ನು ರಿಪೇರಿ ಮಾಡುವವರ ತಾಣ ಅದು. ‘ನನಗೆ ಇದೇ ಥರ ಬೇಕು’ ಎಂದರು. ನಾನು ಅರ್ಧ ನಿಮಿಷ ನೋಡಿರಬಹುದು. ತುಂಬ ಚೆನ್ನಾಗಿತ್ತು. ‘ಆಗಲಿ’ ಅಂದೆ.

ಆ ‘ಆಗಲಿ’ ಎಂಬ ಮಾತೇ ಈ ಪ್ರಕರಣದ ಮೊದಲ ತಿರುವು ಎಂದು ಈಗ ನನಗೆ ಗೊತ್ತು. ‘ಇದೇ ಥರ’ ಎಂದರೆ ಏನು ಎಂದು ನಾನು ಕೇಳಬೇಕಿತ್ತು. ಅವರಿಗೆ ಹಿಡಿಸಿದ್ದು ಬಣ್ಣವೋ, ಸಾವಕಾಶದ ಓಟವೋ, ಕೆಲಸದ ಬಗ್ಗೆ ಹುಟ್ಟುವ ನಂಬಿಕೆಯೋ? ಕೇಳಿದ್ದರೆ ಬಹುಶಃ ‘ನೋಡಿದವರಿಗೆ ನಮ್ಮ ಕೈಯಲ್ಲಿ ಪುಸ್ತಕ ಕೊಡುವ ಧೈರ್ಯ ಬರಬೇಕು’ ಎನ್ನುತ್ತಿದ್ದರು. ಅದು ವಿನ್ಯಾಸಕ್ಕೆ ಸಿಗಬಹುದಾದ ಅತ್ಯುತ್ತಮ ಸೂಚನೆ. ನಾವು ಆ ಸೂಚನೆಯ ಬದಲು ಒಂದು ವಿಳಾಸ ಬರೆದುಕೊಂಡು ಬಂದೆವು.

ಕೆಲಸಕ್ಕೆ ಆರು ವಾರ. ವಿನ್ಯಾಸ ಮತ್ತು ಫ್ರಂಟ್ ಎಂಡ್ (ಪರದೆಯಲ್ಲಿ ಕಾಣುವ ಭಾಗದ ಕೋಡ್) ಎರಡನ್ನೂ ನಮ್ಮ ಕಿರಿಯ ಡಿಸೈನರ್‌ಗೆ ವಹಿಸಿದೆ. ಆಕೆಗೆ ಎರಡು ವರ್ಷದ ಅನುಭವ, ಕೈ ಚುರುಕು, ಕೆಲಸದಲ್ಲಿ ತುಂಬ ಶ್ರದ್ಧೆ. ಮೂಡ್ ಬೋರ್ಡ್‌ನಲ್ಲಿ ಮೊದಲ ದಿನ ಸ್ಫೂರ್ತಿಗೆಂದು ಕೂಡಿಹಾಕಿದ ಹನ್ನೊಂದು ಚಿತ್ರಗಳಿದ್ದವು: ಹಳೆಯ ನಕ್ಷೆ, ಅಚ್ಚುಮೊಳೆ, ಒಂದೆರಡು ವಸ್ತುಸಂಗ್ರಹಾಲಯದ ತಾಣಗಳು. ಕ್ಲೈಂಟ್ ಕೊಡಬೇಕಿದ್ದ ಬರಹ ಮತ್ತು ಫೋಟೋಗಳು ಬರಲಿಲ್ಲ. ಎರಡನೇ ವಾರದ ಹೊತ್ತಿಗೆ ಬೋರ್ಡ್ ಯಾರೂ ತೆರೆಯುತ್ತಿರಲಿಲ್ಲ. ಬ್ರೌಸರಿನ ಒಂದು ಟ್ಯಾಬ್‌ನಲ್ಲಿ ಆ ಗಡಿಯಾರದ ತಾಣ ಮಾತ್ರ ಸದಾ ತೆರೆದಿರುತ್ತಿತ್ತು. ಸ್ವಂತ ಸಾಮಗ್ರಿ ಇಲ್ಲದಾಗ ಕಣ್ಣು ಪಕ್ಕದ ಟ್ಯಾಬ್‌ಗೆ ಹೋಗುತ್ತದೆ. ಇದು ಆಕೆಯ ಸ್ವಭಾವದ ದೋಷವಲ್ಲ, ನಾನು ಹಾಕಿಕೊಟ್ಟ ಕೆಲಸದ ಕ್ರಮದ ದೋಷ.

ಆ ಮೂಲ ತಾಣದ ಬಗ್ಗೆ ಸ್ವಲ್ಪ ಹೇಳಬೇಕು. ಪುಟದ ಎಡ ಅಂಚಿನಲ್ಲಿ ಒಂದು ತೆಳು ಗೆರೆ. ಸ್ಕ್ರಾಲ್ ಮಾಡುತ್ತ ಹೋದಂತೆ ಒಂದೇ ಒಂದು ಗಡಿಯಾರದ ರಿಪೇರಿ ಕಥೆ ದಿನದ ಲೆಕ್ಕದಲ್ಲಿ ಬಿಚ್ಚಿಕೊಳ್ಳುತ್ತದೆ: ಮೊದಲ ದಿನ, ನಾಲ್ಕನೇ ದಿನ, ಹನ್ನೊಂದನೇ ದಿನ. ಪ್ರತಿ ದಿನಕ್ಕೂ ಗೆರೆಯ ಮೇಲೊಂದು ಚುಕ್ಕಿ. ಒಂದು ಚುಕ್ಕಿಯಿಂದ ಇನ್ನೊಂದಕ್ಕೆ ಗೆರೆ ನಯವಾಗಿ ಸರಿಯುವುದಿಲ್ಲ. ಸೆಕೆಂಡಿಗೊಮ್ಮೆ ಜಿಗಿಯುತ್ತದೆ, ಜಿಗಿದ ಮೇಲೆ ಕೂದಲೆಳೆಯಷ್ಟು ಹಿಂದೆ ಸರಿದು ನಿಲ್ಲುತ್ತದೆ.

ನಮ್ಮ ತಾಣದಲ್ಲೂ ಎಡ ಅಂಚಿನಲ್ಲಿ ಗೆರೆ ಬಂತು. ದಿನದ ಲೆಕ್ಕ ಬಂತು. ಚುಕ್ಕಿ ಬಂತು. ಜಿಗಿತ ಬಂತು, ಹಿಂದೆ ಸರಿಯುವುದೂ ಬಂತು. ಮೂಲ ತಾಣದ ಕೋಡನ್ನು ಆಕೆ ಮುಟ್ಟಿರಲಿಲ್ಲ. ಪರದೆಯನ್ನು ರೆಕಾರ್ಡ್ ಮಾಡಿ, ನಿಧಾನಗತಿಯಲ್ಲಿ ಓಡಿಸಿ, ಆ ಹಿಂದಕ್ಕೆ ಸರಿಯುವಿಕೆ ಎರಡು ಪಿಕ್ಸೆಲ್ ಎಂದು ಅಳೆದು, ಎರಡು ಸಂಜೆ ಕೂತು ತಾನೇ ಬರೆದಿದ್ದಳು. ಆ ಕೌಶಲ ನೋಡಿ ನಾನು ಹೊಗಳಿದ್ದೆ.

ಪತ್ರ

ತಾಣ ಪ್ರಕಟವಾದ ಒಂಬತ್ತನೇ ದಿನ ಮೇಲ್ ಬಂತು. ಬರೆದವರು ಮೂಲ ತಾಣದ ವಿನ್ಯಾಸಕಿ. ಬೈಗುಳವಿರಲಿಲ್ಲ, ಬೆದರಿಕೆಯೂ ಇರಲಿಲ್ಲ. ನಾಲ್ಕು ಜೋಡಿ ಸ್ಕ್ರೀನ್‌ಶಾಟ್‌ಗಳನ್ನು ಅಕ್ಕಪಕ್ಕ ಇಟ್ಟಿದ್ದರು. ನಮ್ಮ ತಾಣ ಇದ್ದದ್ದು ಅಮೆರಿಕದ ಕಂಪನಿಯೊಂದರ ಸರ್ವರ್ ಮೇಲೆ. ಅಲ್ಲಿನ ಡಿಜಿಟಲ್ ಹಕ್ಕುಸ್ವಾಮ್ಯದ 1998ರ ಡಿಎಂಸಿಎ ಕಾನೂನಿನಡಿ ಅವರು ನೇರವಾಗಿ ಆ ಕಂಪನಿಗೇ ನೋಟಿಸ್ ಕಳಿಸಿ ನಮ್ಮ ತಾಣ ನಿಲ್ಲಿಸುವಂತೆ ಕೇಳಬಹುದಿತ್ತು. ಹಾಗೆ ಮಾಡದೆ ಮೊದಲು ನಮಗೇ ಬರೆದರು. ದುಡ್ಡು ಕೇಳಲಿಲ್ಲ. ತಾಣ ಇಳಿಸಿ ಎಂದಷ್ಟೇ ಕೇಳಿದರು.

ಕೊನೆಯ ಪ್ಯಾರಾದಲ್ಲಿ ಒಂದು ಪ್ರಶ್ನೆ ಇತ್ತು. ‘ನಮ್ಮ ಗೆರೆ ಹಿಂದಕ್ಕೆ ಸರಿಯುತ್ತದೆ, ಯಾಕೆಂದರೆ ನಾವು ರಿಪೇರಿ ಮಾಡುವ ಗಡಿಯಾರಗಳಲ್ಲಿ ಚಕ್ರದ ಹಲ್ಲುಗಳನ್ನು ಒಂದೊಂದಾಗಿ ತಡೆದು ಬಿಡುವ ಆ್ಯಂಕರ್ ಎಸ್ಕೇಪ್‌ಮೆಂಟ್ ಇದೆ. ಅಂಥ ಗಡಿಯಾರದ ಸೆಕೆಂಡ್ ಮುಳ್ಳು ಪ್ರತಿ ಟಿಕ್‌ಗೂ ಒಂದಿಷ್ಟು ಹಿಂದೆ ಒದೆಯುತ್ತದೆ. ನಿಮ್ಮ ಪುಸ್ತಕ ಯಾಕೆ ಹಿಂದೆ ಒದೆಯುತ್ತದೆ?’

ನನಗೆ ಉತ್ತರ ಗೊತ್ತಿರಲಿಲ್ಲ. ಗಡಿಯಾರದ ಒಳಗೆ ಅಂಥದ್ದೊಂದು ನಡೆಯುತ್ತದೆ ಎಂಬುದೇ ಗೊತ್ತಿರಲಿಲ್ಲ.

ಮೊದಲ ಪ್ರತಿಕ್ರಿಯೆ: ಸಮರ್ಥನೆ

ಆದರೂ ಆವತ್ತು ಸಂಜೆ ನಾವು ಕೂತು ಮಾಡಿದ್ದು ಸಮರ್ಥನೆಯ ಪಟ್ಟಿ. ಅದರಲ್ಲಿ ನಿಜವೂ ಸಾಕಷ್ಟಿತ್ತು, ಅದನ್ನು ತಳ್ಳಿಹಾಕಬಾರದು. ಜಾಲತಾಣಗಳು ಒಂದನ್ನೊಂದು ಹೋಲುವುದಕ್ಕೆ ಕದಿಯುವುದೊಂದೇ ಕಾರಣವಲ್ಲ. ಲೋಗೋ ಎಡ ಮೇಲ್ತುದಿಯಲ್ಲಿ ಇರುತ್ತದೆ, ಯಾಕೆಂದರೆ ಎಲ್ಲರೂ ಅಲ್ಲೇ ಹುಡುಕುತ್ತಾರೆ. ಮೆನುವಿನ ಮೂರು ಅಡ್ಡಗೆರೆ 1981ರ ಝೆರಾಕ್ಸ್ ಸ್ಟಾರ್ ಕಂಪ್ಯೂಟರಿಗಾಗಿ ವಿನ್ಯಾಸಕ ನಾರ್ಮ್ ಕಾಕ್ಸ್ ರೂಪಿಸಿದ ಗುರುತು; ಇವತ್ತು ಅದು ಯಾರ ಸ್ವತ್ತೂ ಅಲ್ಲ. ಬ್ರೌಸರುಗಳಲ್ಲಿ ಅಕ್ಷರದ ಮೂಲ ಗಾತ್ರ ಸಾಮಾನ್ಯವಾಗಿ 16 ಪಿಕ್ಸೆಲ್. ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಕಾಂಟ್ರಾಸ್ಟ್ (ಹೊಳಪಿನ ವ್ಯತ್ಯಾಸ) ಇರಬೇಕೆಂದು 2008ರ ವೆಬ್ ಆಕ್ಸೆಸಿಬಿಲಿಟಿ ಮಾರ್ಗಸೂಚಿ ಹೇಳಿದ ಮೇಲೆ, ಅದನ್ನು ಪಾಲಿಸುವವರ ಬೂದು ಬಣ್ಣಗಳು ಹತ್ತಿರ ಹತ್ತಿರ ಬಂದೇ ಬರುತ್ತವೆ. 2010ರಲ್ಲಿ ವೆಬ್ ವಿನ್ಯಾಸಕ ಈಥನ್ ಮಾರ್ಕಾಟ್ ಪರದೆಯ ಅಳತೆಗೆ ಹೊಂದಿಕೊಳ್ಳುವ ರೆಸ್ಪಾನ್ಸಿವ್ ವಿನ್ಯಾಸವನ್ನು ವಿವರಿಸಿದ ನಂತರ, ಚಿಕ್ಕ ಪರದೆಯಲ್ಲಿ ಕಾಲಮ್‌ಗಳು ಒಂದರ ಕೆಳಗೊಂದು ಇಳಿಯುವುದು ಎಲ್ಲ ಕಡೆ ಒಂದೇ ರೀತಿ. ಇಂಥ ಹೋಲಿಕೆ ತೋರಿಸಿ ಯಾರಾದರೂ ಕಳ್ಳತನದ ಆರೋಪ ಹೊರಿಸಿದರೆ ಅದು ಅನ್ಯಾಯ.

ಪರಿಚಯದ ವಕೀಲರೊಬ್ಬರನ್ನು ಕೇಳಿದೆವು. ಅವರು ಹೇಳಿದ್ದರ ಸಾರ: ಹಕ್ಕುಸ್ವಾಮ್ಯ ಅಭಿವ್ಯಕ್ತಿಗೆ ಸಿಗುತ್ತದೆ, ಆಲೋಚನೆಗೆ ಸಿಗುವುದಿಲ್ಲ, ಬೌದ್ಧಿಕ ಸ್ವತ್ತಿನ ಅಂತರರಾಷ್ಟ್ರೀಯ ಒಪ್ಪಂದವಾದ ಟ್ರಿಪ್ಸ್‌ನ 9ನೇ ವಿಧಿಯಲ್ಲೇ ಆ ಮಾತಿದೆ. ಪರದೆಯ ನೋಟ ಮತ್ತು ವರ್ತನೆಯ ಹೋಲಿಕೆಯನ್ನು ಕೋರ್ಟಿನಲ್ಲಿ ಸಾಬೀತು ಮಾಡುವುದು ಕಷ್ಟ. ಪರದೆಯ ನೋಟ ನಕಲು ಮಾಡಿದೆ ಎಂದು ಮೈಕ್ರೋಸಾಫ್ಟ್ ಮೇಲೆ ಆಪಲ್ 1988ರಲ್ಲಿ ಹೂಡಿದ ದಾವೆ 1994ರಲ್ಲಿ ಮೇಲ್ಮನವಿ ಕೋರ್ಟಿನಲ್ಲೂ ಆಪಲ್ ಪರವಾಗಿ ನಿಲ್ಲಲಿಲ್ಲ. ಎಡ ಅಂಚಿನ ಗೆರೆ, ದಿನದ ಲೆಕ್ಕ ಇವುಗಳ ಮಟ್ಟಿಗೆ ನಮಗೆ ದೊಡ್ಡ ಅಪಾಯವಿಲ್ಲ.

ತಂಡದಲ್ಲಿ ಒಬ್ಬರು ‘ಅವರ ಪುಟದ ಕೆಳಗೆ ಕಾಪಿರೈಟ್ ಗುರುತೇ ಇಲ್ಲವಲ್ಲ’ ಅಂದರು. ವಕೀಲರು ಹಾಗಲ್ಲ ಎಂದು ತಲೆಯಾಡಿಸಿದರು. ಹಕ್ಕುಸ್ವಾಮ್ಯದ ಅಂತರರಾಷ್ಟ್ರೀಯ ಬರ್ನ್ ಒಪ್ಪಂದದ ಪ್ರಕಾರ ರಕ್ಷಣೆಗೆ ಗುರುತೂ ಬೇಡ, ನೋಂದಣಿಯೂ ಬೇಡ. ಆಮೇಲೆ ‘ಬರಹ ಯಾರದ್ದು?’ ಎಂದು ಕೇಳಿದರು.

ಅಲ್ಲಿ ನಾವು ಸಿಕ್ಕಿಬಿದ್ದೆವು. ಕ್ಲೈಂಟ್ ಬರಹ ಕೊಡದಿದ್ದಾಗ, ಜಾಗ ತುಂಬಲು ಎಂದು ಮೂಲ ತಾಣದ ವಾಕ್ಯಗಳನ್ನು ಎದುರಿಗಿಟ್ಟುಕೊಂಡು ಆಕೆ ತಾತ್ಕಾಲಿಕ ಬರಹ ಹೊಂದಿಸಿದ್ದಳು. ಅಲ್ಲಿ ಹೀಗಿತ್ತು: ‘ಮೊದಲ ದಿನ ನಾವು ಏನನ್ನೂ ತೆರೆಯುವುದಿಲ್ಲ. ಕೇಳಿಸಿಕೊಳ್ಳುತ್ತೇವೆ.’ ನಮ್ಮಲ್ಲಿ ಹೀಗಾಯಿತು: ‘ಮೊದಲ ದಿನ ನಾವು ಏನನ್ನೂ ಬಿಚ್ಚುವುದಿಲ್ಲ. ನೋಡುತ್ತೇವೆ.’ ಕ್ಲೈಂಟ್ ಇದು ನಾವೇ ಬರೆದದ್ದು ಎಂದುಕೊಂಡು ಮೆಚ್ಚಿ ಒಪ್ಪಿದರು. ಕ್ಲೈಂಟ್ ಒಪ್ಪಿದ್ದಾರೆ ಎಂದು ನಾನು ಒಪ್ಪಿದೆ. ತಾತ್ಕಾಲಿಕ ಎಂಬ ಗುರುತು ಎಲ್ಲೋ ಮಧ್ಯದಲ್ಲಿ ಬಿದ್ದುಹೋಗಿತ್ತು. ಇಂಥವು ಮೂರು ಕಡೆ ಇದ್ದವು.

ತೇಪೆ

ವಕೀಲರ ಮಾತು ಕೇಳಿದ ಮೇಲೆ ನಾವು ಮಾಡಿದ್ದು ತೇಪೆಯ ಕೆಲಸ. ಈ ಭಾಗ ಬರೆಯಲು ನನಗೆ ಕಷ್ಟವಾಗುತ್ತದೆ, ಆದರೆ ನಾನು ಕಂಡ ಮಟ್ಟಿಗೆ ಇಂಥ ಸಂದರ್ಭದಲ್ಲಿ ಹೆಚ್ಚಿನವರು ಮಾಡುವುದು ಇದನ್ನೇ. ಮೂರು ಕಡೆಯ ವಾಕ್ಯಗಳನ್ನು ಬದಲಿಸಿದೆವು. ಗೆರೆಯನ್ನು ಎಡದಿಂದ ಬಲಕ್ಕೆ ತಂದೆವು. ಕಡುನೀಲಿಯನ್ನು ಕಂದು ಮಾಡಿದೆವು. ಚುಕ್ಕಿ ಚೌಕವಾಯಿತು. ಎರಡು ದಿನದ ಕೆಲಸ.

ಯೋಜನೆಯ ಗಂಧಗಾಳಿಯೂ ಇಲ್ಲದ ಸಹೋದ್ಯೋಗಿಯೊಬ್ಬರನ್ನು ಕರೆದು ಎರಡೂ ತಾಣಗಳನ್ನು ತೋರಿಸಿದೆ. ಒಂದೊಂದನ್ನು ಅರ್ಧರ್ಧ ನಿಮಿಷ ನೋಡಿ, ‘ಎರಡೂ ಒಬ್ಬರೇ ಮಾಡಿದ್ದಾ?’ ಎಂದರು.

ಅದಕ್ಕಿಂತ ನನ್ನನ್ನು ಹೆಚ್ಚು ಕಲಕಿದ್ದು ಬೇರೆ. ಮರುದಿನ ಬೆಳಿಗ್ಗೆ, ಕೋಡಿನ ಪ್ರತಿ ಬದಲಾವಣೆಯನ್ನೂ ಟಿಪ್ಪಣಿಯೊಡನೆ (ಕಮಿಟ್) ದಾಖಲಿಸುವ ಗಿಟ್‌ನಲ್ಲಿ ಹಿಂದಿನ ದಿನದ ಬದಲಾವಣೆಗಳನ್ನು ನೋಡುತ್ತಿದ್ದೆ. ಒಂದು ಕಮಿಟ್‌ನ ಟಿಪ್ಪಣಿ: ‘ಗೆರೆ ಬಲಕ್ಕೆ, ಬಣ್ಣ ಬದಲು, ಹೋಲಿಕೆ ಕಡಿಮೆ ಮಾಡಲು.’ ಬರೆದವನು ನಾನೇ. ಓದುವವರಿಗೆ ಸುಲಭವಾಗಲಿ ಎಂದಾಗಲಿ, ಪುಸ್ತಕದ ಕೆಲಸಕ್ಕೆ ಹೊಂದಲಿ ಎಂದಾಗಲಿ ಆ ಬದಲಾವಣೆ ಮಾಡಿರಲಿಲ್ಲ. ಹೋಲಿಕೆ ಮರೆಮಾಚಲು ಮಾಡಿದ್ದೆ. ಸ್ಫೂರ್ತಿ ಪಡೆದವನು ಮೂಲವನ್ನು ತೋರಿಸಲು ಹಿಂಜರಿಯುವುದಿಲ್ಲ. ನಾನು ಹಿಂಜರಿಯುತ್ತಿದ್ದೆ, ಹಾಗೆಂದು ನನ್ನ ಕೈಯಾರೆ ಬರೆದೂ ಇಟ್ಟಿದ್ದೆ.

ಯಾಕೆ ಎಂಬ ಕಾಲಮ್

ಕಿರಿಯ ಡಿಸೈನರ್‌ಳನ್ನು ಕರೆದೆ. ಆಕೆ ಎರಡು ದಿನದಿಂದ ಸರಿಯಾಗಿ ಮಾತಾಡಿರಲಿಲ್ಲ.

‘ಸರ್, ನಾನು ಏನೂ ಕಾಪಿ ಮಾಡಿಲ್ಲ. ಕೋಡ್ ಎಲ್ಲಾ ನಾನೇ ಬರೆದಿದ್ದು.’

‘ಗೊತ್ತು. ಈ ಗೆರೆ ಯಾಕೆ ಸೆಕೆಂಡಿಗೊಂದು ಸಲ ಜಿಗಿಯುತ್ತೆ?’

ತುಂಬ ಹೊತ್ತು ಪರದೆ ನೋಡಿದಳು. ‘ಅಲ್ಲಿ ಹಾಗಿತ್ತು, ಸರ್.’

‘ನಾನೂ ಅದನ್ನ ಕೇಳಲೇ ಇಲ್ಲ ನಿನ್ನ’ ಎಂದೆ.

ಅವತ್ತು ಮಧ್ಯಾಹ್ನ ಇಬ್ಬರೂ ಕೂತು ಒಂದು ಹಾಳೆ ಮಾಡಿದೆವು. ಪುಟದಲ್ಲಿ ನಾವು ತೆಗೆದುಕೊಂಡ ಒಂದೊಂದು ನಿರ್ಧಾರಕ್ಕೂ ಒಂದು ಸಾಲು, ಅದರ ಎದುರಿಗೆ ‘ಯಾಕೆ’ ಎಂಬ ಒಂದೇ ಕಾಲಮ್. ಒಟ್ಟು 43 ಸಾಲು. ಹತ್ತೊಂಬತ್ತಕ್ಕೆ ‘ಎಲ್ಲರೂ ಹೀಗೆ ಮಾಡುತ್ತಾರೆ, ಬಳಸುವವರಿಗೆ ಅಭ್ಯಾಸವಿದೆ’ ಎಂಬ ಉತ್ತರ. ಲೋಗೋ, ಮೆನು, ಅಕ್ಷರದ ಗಾತ್ರದಂಥವು. ಏಳಕ್ಕೆ ಮಾತ್ರ ಪುಸ್ತಕ ದುರಸ್ತಿಯ ಕೆಲಸದಿಂದ ಬಂದ ಕಾರಣ. ಉಳಿದ ಹದಿನೇಳಕ್ಕೆ ನಮ್ಮಿಬ್ಬರ ಬಳಿಯೂ ಇದ್ದದ್ದು ಒಂದೇ ಉತ್ತರ: ಅಲ್ಲಿ ಹಾಗಿತ್ತು.

ಹದಿನೇಳು ಎಂಬ ಸಂಖ್ಯೆಯಲ್ಲಿ ಹೆಚ್ಚಿನ ಅರ್ಥವಿಲ್ಲ. ಶೇಕಡಾ ಇಷ್ಟು ಬದಲಿಸಿದರೆ ಕೃತಿಚೌರ್ಯ ಅಲ್ಲ ಎಂಬ ಮಾತು ನಮ್ಮ ವೃತ್ತಿಯಲ್ಲಿ ಓಡಾಡುತ್ತದೆ, ಅದಕ್ಕೆ ಯಾವ ಆಧಾರವೂ ಇಲ್ಲ. ಆ ಹದಿನೇಳು ಎಲ್ಲಿದ್ದವು ಎಂಬುದು ಮುಖ್ಯ. ನೋಡಿದವರ ಮನಸ್ಸಿನಲ್ಲಿ ಪುಟ ಮುಚ್ಚಿದ ಮೇಲೂ ಉಳಿಯುವ ಅಂಶಗಳೆಲ್ಲ ಆ ಹದಿನೇಳರಲ್ಲೇ ಇದ್ದವು. ನಮ್ಮ ಸ್ವಂತದ ಏಳು ಸಾಲುಗಳಲ್ಲಿ ಒಂದು ಸಂಪರ್ಕದ ಫಾರ್ಮ್, ಇನ್ನೊಂದು ಬೆಲೆ ವಿಚಾರಣೆಯ ಪುಟ.

ಇನ್ನೊಂದು ವಿಚಾರವೂ ಆ ಹಾಳೆಯಿಂದ ಬಿಡಿಸಿಕೊಂಡಿತು. ಮೂಲ ತಾಣದಲ್ಲಿ ಆ ಜಿಗಿತಕ್ಕೆ ಒಂದು ಕಾರಣವಿತ್ತು, ಹಾಗಾಗಿ ಅದು ಸುಂದರವಾಗಿತ್ತು. ನಾವು ಜಿಗಿತವನ್ನು ಎತ್ತಿಕೊಂಡೆವು, ಕಾರಣ ಅಲ್ಲೇ ಉಳಿಯಿತು. ಹಾಗಾಗಿ ನಮ್ಮ ಪುಟದಲ್ಲಿ ಅದು ಅಲುಗಾಟವಾಗಿತ್ತು ಅಷ್ಟೇ. ನಕಲು ಮಾಡಿದಾಗ ಮೂಲದವರಿಗೆ ಅನ್ಯಾಯವಾಗುತ್ತದೆ ಎಂದು ನಾವೆಲ್ಲ ಹೇಳುತ್ತೇವೆ. ನಮ್ಮನ್ನು ನಂಬಿ ಕೆಲಸ ಕೊಟ್ಟ ಕ್ಲೈಂಟಿಗೂ ಅಷ್ಟೇ ಅನ್ಯಾಯವಾಗುತ್ತದೆ ಎಂಬುದು ನನಗೆ ಆವರೆಗೆ ಹೊಳೆದಿರಲಿಲ್ಲ. ಅವರಿಗೆ ನಾವು ಕೊಟ್ಟದ್ದು ಗಡಿಯಾರದವರ ತಾಣ.

ಇಳಿಸಿದ್ದು

ಅವತ್ತೇ ಸಂಜೆ ತಾಣ ಇಳಿಸಿ, ಸಂಪರ್ಕದ ವಿವರ ಇರುವ ಒಂದೇ ಒಂದು ಪುಟ ಇಟ್ಟೆವು. ವಿನ್ಯಾಸಕಿಗೆ ಉತ್ತರ ಬರೆದೆ. ನಾಲ್ಕು ಸಲ ಬರೆದು ಅಳಿಸಿದ್ದೇನೆ, ಪ್ರತಿ ಸಲವೂ ‘ಆದರೆ’ ಎಂಬ ಪದ ನುಸುಳುತ್ತಿತ್ತು. ಕೊನೆಗೆ ಕಳಿಸಿದ್ದರಲ್ಲಿ ಅದು ಇರಲಿಲ್ಲ. ನಿಮ್ಮ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿಲ್ಲ, ತಾಣ ಇಳಿಸಿದ್ದೇವೆ, ಸಾಧ್ಯವಾದರೆ ಒಂದು ಸಲ ಮಾತಾಡಬೇಕು ಎಂದು ಬರೆದೆ.

ಕ್ಲೈಂಟಿಗೆ ಹೇಳುವುದು ಇದಕ್ಕಿಂತ ಕಷ್ಟವಾಯಿತು. ‘ಇನ್ನೊಂದಿಷ್ಟು ಬಣ್ಣ ಬದಲಿಸಿ, ಯಾರಿಗೆ ಗೊತ್ತಾಗುತ್ತೆ?’ ಎಂದರು ಮಾಲೀಕರು. ಬದಲಿಸಿ ನೋಡಿದ್ದೇವೆ ಎಂದು ಒಪ್ಪಿಕೊಂಡೆ. ಎರಡೂ ತಾಣಗಳನ್ನು ಅಕ್ಕಪಕ್ಕ ತೋರಿಸಿ, ಆ ಹಿಂದಕ್ಕೆ ಒದೆಯುವ ಗೆರೆಯ ಕಥೆ ಹೇಳಿದೆ. ಅವರು ಕೈಕೆಲಸದವರು, ಗಡಿಯಾರದ ವಿಷಯ ಕೇಳುತ್ತಿದ್ದಂತೆ ಮುಖಭಾವ ಬದಲಾಯಿತು. ‘ಅಂದರೆ ಇದರಲ್ಲಿ ನಮ್ಮದು ಏನೂ ಇಲ್ಲ’ ಎಂದರು. ಸಿಟ್ಟು ಹೋಗಲಿಲ್ಲ, ಅದು ಬೇರೆ ದಿಕ್ಕಿಗೆ ತಿರುಗಿತು. ಶುಲ್ಕದ ಒಂದು ಭಾಗ ಹಿಂದಿರುಗಿಸಿ, ಹೊಸದನ್ನು ನಮ್ಮ ಖರ್ಚಿನಲ್ಲಿ ಮಾಡುವುದೆಂದು ಮಾತಾಯಿತು.

ವಿನ್ಯಾಸಕಿಯ ಜೊತೆ ಕರೆ ಸುಮಾರು ಒಂದು ಗಂಟೆ ನಡೆಯಿತು. ಆಕೆ ವಿನ್ಯಾಸ ಶುರು ಮಾಡುವ ಮೊದಲು ಮೂರು ದಿನ ಗಡಿಯಾರ ರಿಪೇರಿಯವರ ಪಕ್ಕದಲ್ಲೇ ಕೂತಿದ್ದರಂತೆ. ರಿಪೇರಿಯವರು ಪೆಟ್ಟಿಗೆ ಬಿಚ್ಚುವ ಮೊದಲು ಕಿವಿಯಿಟ್ಟು ಟಿಕ್ ಸದ್ದು ಕೇಳುವುದನ್ನು, ಎರಡು ಟಿಕ್‌ಗಳ ಅಂತರ ಸಮವಾಗಿದೆಯೇ ಎಂದು ಗಮನಿಸುವುದನ್ನು ನೋಡಿದರಂತೆ. ‘ಮೊದಲ ದಿನ ಏನನ್ನೂ ತೆರೆಯುವುದಿಲ್ಲ’ ಎಂಬ ವಾಕ್ಯ ಹುಟ್ಟಿದ್ದು ಅಲ್ಲಿ. ಸೆಕೆಂಡ್ ಮುಳ್ಳನ್ನು ಭೂತಗಾಜಿನಲ್ಲಿ ತೋರಿಸಿದ್ದೂ ರಿಪೇರಿಯವರೇ. ನಾವು ಎರಡು ಪಿಕ್ಸೆಲ್ ಎಂದು ಅಳೆದಿದ್ದು ಅವರ ಮೂರು ದಿನದ ಕೂರುವಿಕೆಯನ್ನು.

ಯಾವುದರ ಬಗ್ಗೆ ಆಕ್ಷೇಪ ಇಲ್ಲ ಎಂಬುದನ್ನೂ ಅವರು ಸ್ಪಷ್ಟವಾಗಿ ಹೇಳಿದರು. ದಿನದ ಲೆಕ್ಕದಲ್ಲಿ ಕೆಲಸ ತೋರಿಸುವುದು ತನ್ನ ಸ್ವತ್ತಲ್ಲ, ಎಷ್ಟೋ ಮಂದಿ ಕೆಲಸದ ದಿನಚರಿ ಬರೆಯುತ್ತಾರೆ, ಬೇಕಿದ್ದರೆ ಇಟ್ಟುಕೊಳ್ಳಿ ಎಂದರು. ಸಾವಕಾಶದ ಓಟವೂ ತನ್ನದಲ್ಲ. ತನ್ನದು ಎನ್ನಿಸುವುದು ಆ ವಾಕ್ಯಗಳು, ಆ ಚಲನೆ, ಮತ್ತು ಅವೆಲ್ಲವನ್ನೂ ಜೋಡಿಸಿದ ಕ್ರಮ. ವಕೀಲರ ವಿವರಣೆಗಿಂತ ಈ ಗೆರೆ ಎಳೆದ ರೀತಿ ನನಗೆ ಹೆಚ್ಚು ನಿಖರವಾಗಿ ಕಂಡಿತು.

ಮತ್ತೆ ಶುರು

ನಾನೂ ಕಿರಿಯ ಡಿಸೈನರ್‌ಳೂ ಎರಡು ದಿನ ಪುಸ್ತಕದ ಕಾರ್ಯಾಗಾರದಲ್ಲಿ ಕೂತೆವು. ಲ್ಯಾಪ್‌ಟಾಪ್ ಒಯ್ಯಲಿಲ್ಲ.

ಹಳೆಯ ಹೊಲಿಗೆ ಬಿಚ್ಚುವ ಮೊದಲು ಅವರು ಪ್ರತಿ ಕಂತಿನ ಫೋಟೋ ತೆಗೆದು, ಮೂಲೆಯಲ್ಲಿ ಪೆನ್ಸಿಲ್‌ನಿಂದ ತೀರಾ ತೆಳುವಾಗಿ ಸಂಖ್ಯೆ ಹಾಕುತ್ತಾರೆ. ಕಂತು ಎಂದರೆ ಮಡಚಿ ಒಟ್ಟಿಗೆ ಹೊಲಿದ ಹಾಳೆಗಳ ಗುಂಪು. ಹರಿದ ಕಡೆ ತೆಳು ಜಪಾನಿ ಕಾಗದವನ್ನು ಗೋಧಿ ಪಿಷ್ಟದ ಅಂಟಿನಿಂದ ಕೂರಿಸುತ್ತಾರೆ. ಮುಂದೆ ಯಾರಾದರೂ ಬಿಡಿಸಬೇಕೆಂದರೆ ನೀರಿನ ತೇವದಿಂದಲೇ ಬಿಡಿಸಿಕೊಳ್ಳಬಹುದು. ತೇಪೆ ದೂರಕ್ಕೆ ಕಣ್ಣು ಕುಕ್ಕಬಾರದು, ಹತ್ತಿರದಿಂದ ನೋಡಿದವರಿಗೆ ಇದು ತೇಪೆ ಎಂದು ತಿಳಿಯಬೇಕು. ಮತ್ತೆ ಹೊಲಿಯುವಾಗ ಸಾಧ್ಯವಾದಷ್ಟೂ ಹಳೆಯ ತೂತುಗಳಲ್ಲೇ ದಾರ ಹೋಗುತ್ತದೆ. ಆ ಪುಸ್ತಕವನ್ನು ಮೊದಲು ಹೊಲಿದ ಕೈ ಯಾವುದೋ, ಅದು ಚುಚ್ಚಿದ ತೂತುಗಳಲ್ಲೇ ಈಗಿನ ಸೂಜಿಯೂ ಹಾಯುತ್ತದೆ. ಇದನ್ನು ನೋಡುವಾಗ ನಮ್ಮ ಡಿಸೈನರ್ ನನ್ನ ತೋಳು ತಟ್ಟಿ ತೋರಿಸಿದಳು, ಏನೂ ಹೇಳಲಿಲ್ಲ.

ಹೊಸ ತಾಣ ಅಲ್ಲಿಂದ ಹುಟ್ಟಿತು. ಮೊದಲ ಪರದೆಯಲ್ಲಿ ಬಿಚ್ಚಿಟ್ಟ ಕಂತುಗಳು, ಮೂಲೆಯಲ್ಲಿ ಪೆನ್ಸಿಲ್ ಸಂಖ್ಯೆಗಳು. ಕೆಳಗೆ ಹೋದಂತೆ ಒಂದು ದಾರ ಕಂತಿನ ಮಡಿಕೆಯ ತೂತುಗಳಲ್ಲಿ ಹಾಯುತ್ತ ಅವನ್ನು ಒಂದೊಂದಾಗಿ ಹೊಲಿಯುತ್ತದೆ. ಸ್ಕ್ರಾಲ್ ನಿಲ್ಲಿಸಿದರೆ ದಾರವೂ ನಿಲ್ಲುತ್ತದೆ, ಹಿಂದೆ ಹೋದರೆ ಬಿಚ್ಚಿಕೊಳ್ಳುತ್ತದೆ, ಯಾಕೆಂದರೆ ಅದನ್ನು ಎಳೆಯುವುದು ಕೈ, ಯಂತ್ರವಲ್ಲ. ದಿನದ ಲೆಕ್ಕ ಬಿಟ್ಟೆವು. ಅಲ್ಲಿ ಒಂದೇ ಪುಸ್ತಕದ ಮೇಲೆ ಸತತವಾಗಿ ಯಾರೂ ಕೂರುವುದಿಲ್ಲ, ಅಂಟು ಒಣಗುವಾಗ ಇನ್ನೊಂದು ಪುಸ್ತಕ ಮೇಜಿಗೆ ಬರುತ್ತದೆ.

ಒಂದು ಕಡೆ ಕೆಲಸ ನಿಂತಿತು. ‘ಸರ್, ಮತ್ತೆ ಗೆರೆಯೇ ಆಯ್ತಲ್ಲ’ ಎಂದಳು ಡಿಸೈನರ್, ದಾರದ ಕರಡು ತೋರಿಸುತ್ತ. ಹೆದರಿಕೆ ನಿಜವಾದದ್ದೇ. ಮೇಲಿನಿಂದ ಕೆಳಕ್ಕೆ ಹೋಗುವ ತೆಳು ಗೆರೆ, ಅದರ ಮೇಲೆ ಸಾಲಾಗಿ ತೂತುಗಳು. ತೀರಾ ಬೇರೆ ಕಾಣಬೇಕು ಎಂದು ದಾರವನ್ನೇ ಕಿತ್ತುಹಾಕಿದರೆ, ಮತ್ತೆ ಮೂಲ ತಾಣವೇ ನಮ್ಮ ವಿನ್ಯಾಸವನ್ನು ಆಳಿದಂತಾಗುತ್ತದೆ. ಮೊದಲು ಅದರ ಹಾಗೆ ಮಾಡಿದೆವು, ಈಗ ಅದರ ಹಾಗಾಗದಂತೆ ಮಾಡುತ್ತಿದ್ದೇವೆ. ಹಾಳೆ ತೆಗೆದು ‘ಯಾಕೆ’ ಕಾಲಮ್ ನೋಡಿದೆವು. ದಾರ ಯಾಕೆ, ತೂತು ಯಾಕೆ, ಅಂತರ ಯಾಕೆ ಎಲ್ಲಕ್ಕೂ ಉತ್ತರ ಕಾರ್ಯಾಗಾರದಲ್ಲಿತ್ತು. ತೂತುಗಳ ಅಂತರವನ್ನು ಒಂದು ಪುಸ್ತಕದ ಬೆನ್ನಿನಿಂದಲೇ ಅಳೆದು ತಂದಿದ್ದೆವು, ತಲೆ ಮತ್ತು ಬುಡದ ತೂತುಗಳು ತುದಿಗೆ ಹತ್ತಿರ, ನಡುವಿನವು ದೂರ. ದಾರ ಉಳಿಯಿತು.

ಇದರಲ್ಲೂ ಬೇರೆಯವರಿಂದ ಪಡೆದದ್ದು ಇದೆ. ಎಸ್‌ವಿಜಿ (ಕೋಡಿನಿಂದ ಬಿಡಿಸುವ ಚಿತ್ರ) ಗೆರೆಯನ್ನು ಒಂದೇ ಉದ್ದನೆಯ ಡ್ಯಾಶ್ ಮಾಡಿ, ಆ ಡ್ಯಾಶ್‌ನ ಆಫ್‌ಸೆಟ್ ಕಡಿಮೆ ಮಾಡುತ್ತ ಗೆರೆ ಬಿಡಿಸಿದಂತೆ ತೋರಿಸುವುದು ಎಷ್ಟೋ ವರ್ಷದಿಂದ ಎಲ್ಲರೂ ಬಳಸುವ ತಂತ್ರ. ಸ್ಕ್ರಾಲ್ ಅಳೆಯಲು ಯಾರು ಬೇಕಾದರೂ ಬಳಸಲು ಬಿಡುವ ಎಂಐಟಿ ಪರವಾನಗಿಯ ಒಂದು ಲೈಬ್ರರಿ (ಸಿದ್ಧ ಕೋಡ್) ಬಳಸಿದೆವು, ಆ ಪರವಾನಗಿ ಕೇಳುವಂತೆ ಅದರ ಹಕ್ಕುಸ್ವಾಮ್ಯದ ಟಿಪ್ಪಣಿಯನ್ನು ಉಳಿಸಿಕೊಂಡೆವು. ಸಂಖ್ಯೆಗಳು ತೆಳುವಾಗಿರಬೇಕು ಎಂಬ ಯೋಚನೆಗೆ ಮೂಡ್ ಬೋರ್ಡ್‌ನ ಹಳೆಯ ನಕ್ಷೆಯ ಪಾಲೂ ಇದೆ. ಇವೆಲ್ಲವನ್ನೂ ಹಾಳೆಯಲ್ಲಿ ಮೂಲದ ಸಮೇತ ಬರೆದಿದ್ದೇವೆ, ಯಾರು ಕೇಳಿದರೂ ತೋರಿಸುತ್ತೇವೆ.

ಪ್ರಕಟಿಸುವ ಮೊದಲು ವಿನ್ಯಾಸಕಿಗೆ ಕೊಂಡಿ ಕಳಿಸಿದೆವು. ಅನುಮತಿ ಬೇಕಿರಲಿಲ್ಲ, ಆದರೂ ಕಳಿಸಿದೆವು. ಎರಡು ದಿನ ಬಿಟ್ಟು ಉತ್ತರ ಬಂತು. ದಾರ ಹಿಂದಕ್ಕೆ ಬಿಚ್ಚಿಕೊಳ್ಳುವುದನ್ನು ಹತ್ತು ಸಲ ಆಡಿಸಿ ನೋಡಿದೆ, ತೂತುಗಳು ಸಮ ಅಂತರದಲ್ಲಿ ಇಲ್ಲವಲ್ಲ, ಅದು ನಿಜವಾಗಿ ಹಾಗೆಯೇ ಇರುತ್ತದೆಯೇ ಎಂದು ಕೇಳಿದ್ದರು.

ಏನಾಯಿತು, ಏನು ಬದಲಾಯಿತು

ಎಲ್ಲವೂ ಚೆನ್ನಾಗಿ ಮುಗಿಯಿತು ಎಂದು ಬರೆಯಲಾರೆ. ತಾಣ ಐದು ವಾರ ತಡವಾಯಿತು, ಅಷ್ಟು ದಿನದ ಕೆಲಸಕ್ಕೆ ನಮಗೆ ಹಣ ಬರಲಿಲ್ಲ. ಮಾಲೀಕರ ತಮ್ಮ ಇವತ್ತಿಗೂ ‘ಹಳೆಯದೇ ಚೆನ್ನಾಗಿತ್ತು’ ಎನ್ನುತ್ತಾರೆ; ನೋಟದ ಅಬ್ಬರದಲ್ಲಿ ಅದು ಹೆಚ್ಚು ಎಂಬುದು ನಿಜ. ಆದರೆ ಪುಸ್ತಕ ತರುವವರು ಪೆನ್ಸಿಲ್ ಸಂಖ್ಯೆಗಳ ಬಗ್ಗೆ ಕೇಳುತ್ತಾರೆ, ತಮ್ಮ ಪುಸ್ತಕಕ್ಕೂ ಹಾಗೆ ಹಾಕುತ್ತೀರಾ ಎಂದು ವಿಚಾರಿಸುತ್ತಾರೆ ಎಂದು ಮಾಲೀಕರು ಹೇಳಿದರು. ಕಿರಿಯ ಡಿಸೈನರ್ ನಡುವೆ ರಾಜೀನಾಮೆ ಕೊಡಲು ಬಂದಿದ್ದಳು. ತಪ್ಪಿನಲ್ಲಿ ನನ್ನ ಪಾಲು ಎಷ್ಟು ಎಂಬುದನ್ನು ಇಡೀ ತಂಡದ ಮುಂದೆ ಹೇಳಿದ ಮೇಲೆ ಉಳಿದಳು. ಇಂಥ ಪ್ರಕರಣಗಳಲ್ಲಿ ತಲೆದಂಡ ಸಾಮಾನ್ಯವಾಗಿ ಅತಿ ಕಿರಿಯರದ್ದೇ ಆಗುತ್ತದೆ. ಅದು ತಪ್ಪು. ಒಪ್ಪಿಗೆ ಕೊಟ್ಟವರು ಹೊಣೆ ಹೊರಬೇಕು.

ಈ ಘಟನೆಯ ನಂತರ ಕೆಲವು ದಿನ ತಂಡದಲ್ಲಿ ಯಾರೂ ಬೇರೆ ತಾಣ ನೋಡಲೇ ಹೆದರುತ್ತಿದ್ದರು. ಅದನ್ನು ನಾನು ಬೆಳೆಯಗೊಡಲಿಲ್ಲ. ನಮ್ಮ ಪೀಳಿಗೆಯ ಅನೇಕರು ವೆಬ್ ಕಲಿತದ್ದೇ ಬ್ರೌಸರಿನಲ್ಲಿ ಇನ್ನೊಬ್ಬರ ಪುಟದ ಸೋರ್ಸ್ ತೆರೆದು. 2003ರಲ್ಲಿ ವೆಬ್ ವಿನ್ಯಾಸಕ ಡೇವ್ ಶೇ ಆರಂಭಿಸಿದ ಸಿಎಸ್‌ಎಸ್ ಝೆನ್ ಗಾರ್ಡನ್ ತಾಣ ನನಗೆ ಈಗಲೂ ದಾರಿ ತೋರಿಸುತ್ತದೆ. ಒಂದೇ ಎಚ್‌ಟಿಎಂಎಲ್ ಕಡತವನ್ನು (ಪುಟದ ಬರಹ ಮತ್ತು ರಚನೆ) ಕೊಟ್ಟು, ಅದನ್ನು ಬದಲಿಸದೆ, ಪುಟದ ನೋಟವನ್ನು ನಿರ್ಧರಿಸುವ ಸಿಎಸ್‌ಎಸ್‌ನಿಂದಲೇ ಹೊಸ ರೂಪ ಕೊಡಿ ಎಂದು ಅಲ್ಲಿ ಆಹ್ವಾನಿಸಿದ್ದರು. ಬೇರೆಯವರು ಕಲಿಯಲಿ ಎಂದು ಸಿಎಸ್‌ಎಸ್ ಅನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಡುವಂತೆ ಕೇಳುತ್ತಿದ್ದರು. ಚಿತ್ರಗಳ ಹಕ್ಕು ಮಾತ್ರ ಮಾಡಿದವರದ್ದೇ. ಹೇಗೆ ಮಾಡಿದರು ಎಂಬುದನ್ನು ತೆರೆದಿಟ್ಟು, ಏನು ಮಾಡಿದರು ಎಂಬುದನ್ನು ಅವರಿಗೇ ಬಿಟ್ಟ ಆ ಹಂಚಿಕೆ ನ್ಯಾಯವಾದದ್ದು ಎಂದು ನನ್ನ ಅಭಿಪ್ರಾಯ.

ಹಾಗಾಗಿ ನಾವು ನೋಡುವುದನ್ನು ನಿಲ್ಲಿಸಲಿಲ್ಲ, ಕ್ರಮ ಬದಲಿಸಿದೆವು. ಕ್ಲೈಂಟಿನ ಬರಹದ ಕರಡಾದರೂ ಬರುವವರೆಗೆ ವಿನ್ಯಾಸ ಶುರುವಾಗುವುದಿಲ್ಲ. ತಾತ್ಕಾಲಿಕ ಬರಹ ಹಾಕಲೇಬೇಕಾದರೆ ಅರ್ಥವಿಲ್ಲದ ಅಕ್ಷರಗಳನ್ನೇ ಹಾಕುತ್ತೇವೆ, ಅದು ಒಪ್ಪಿಗೆಯ ಜರಡಿಯಲ್ಲಿ ತಾನಾಗಿ ಸಿಕ್ಕಿಬೀಳುತ್ತದೆ. ಒಂದು ತಾಣವನ್ನು ತೋರಿಸಿ ‘ಇದೇ ಥರ’ ಎಂದವರಿಗೆ, ಇದನ್ನು ನೋಡಿದಾಗ ನಿಮಗೆ ಏನನ್ನಿಸಿತು ಎಂದು ಕೇಳಿ, ಅವರ ಮಾತಿನಲ್ಲೇ ಬರೆದುಕೊಳ್ಳುತ್ತೇವೆ. ಕರಡು ಬಿಡಿಸುವಾಗ ಮಾದರಿಯ ಟ್ಯಾಬ್ ಮುಚ್ಚಿರುತ್ತದೆ. ನೆನಪಿನಲ್ಲಿ ಉಳಿದದ್ದು ಮಾತ್ರ ಜೊತೆಗೆ ಬರುತ್ತದೆ. ನೆನಪು ಬಹುತೇಕ ತಾನೇ ಸೋಸಿ ಕೊಡುತ್ತದೆ, ಆದರೆ ಅದನ್ನೂ ಪೂರ್ತಿ ನಂಬಬಾರದು, ನೋಡಿದ್ದನ್ನು ತನ್ನದೇ ಎಂದು ನಂಬಿಸುವ ಶಕ್ತಿ ಅದಕ್ಕಿದೆ. ಅದಕ್ಕಾಗಿ ಹಾಳೆ.

ಹಾಳೆ ಈಗ ಎಲ್ಲ ಯೋಜನೆಗಳಲ್ಲೂ ಇದೆ. ಕಳೆದ ಯೋಜನೆಯಲ್ಲಿ ಮುಖಪುಟದ ಕೆಳಭಾಗ ನಾನು ಮಾಡಿದ್ದೆ. ಪರಿಶೀಲನೆಗೆ ಕೂತ ಕಿರಿಯ ಡಿಸೈನರ್ ಇಪ್ಪತ್ತೊಂದನೇ ಸಾಲಿನಲ್ಲಿ ಬೆರಳಿಟ್ಟು ನಿಲ್ಲಿಸಿದಳು. ಮಗ್ಗುಲಿಗೆ ವಾಲಿದ ಒಂದು ಶೀರ್ಷಿಕೆ. ‘ಇದು ಯಾಕೆ ಸರ್?’ ಎದುರಿನ ‘ಯಾಕೆ’ ಕಾಲಮ್ ಖಾಲಿ ಇತ್ತು. ಎಲ್ಲಿ ನೋಡಿದ್ದೆ ಎಂದು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಶೀರ್ಷಿಕೆಯನ್ನು ನೇರ ಮಾಡಿ, ಇಪ್ಪತ್ತೆರಡನೇ ಸಾಲಿಗೆ ಹೋದೆವು.